ಜಡೆಮ್ಮ ತೌಡಿಗೆ ಕೊಂಡ ಕೂಸುಗಳು

ಇದನ್ನು ಬರೆದವಳ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಶಾಲೆಯನ್ನು ನಡುವೆಯೇ ಬಿಟ್ಟವಳಾದ್ದರಿಂದ ಮಾತುಗಳೂ ಅಲ್ಲಲ್ಲಿ ಸೊಟ್ಟಗೆ ಕೂತಿರಬಹುದು. ಓದುವವರು ಮನ್ನಿಸಬೇಕು. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯಬೇಕೆಂದು ಒಂದೊಂದು ಸಾಲನ್ನೂ ಮತ್ತೆ ಮತ್ತೆ ನೋಡಿ, ಹೊಡೆದು, ತಿದ್ದಿ ಬರೆದದ್ದಾಗಿದೆ. ಜಡೆಮ್ಮನಿಗೇ ಬಗೆಹರಿಯದ ಸಂಗತಿಗಳು ಇದರಲ್ಲಿ ಕೆಲವಿವೆ. ಅವನ್ನು ಬಗೆಹರಿದಂತೆ ಬರೆದಿಲ್ಲ.

ಜಡೆಮ್ಮ ಹುಟ್ಟಿದ್ದು ಕುರುಗೋಡಿನಲ್ಲಿ, ಕೊಟ್ಟದ್ದು ಸಿರುಗುಪ್ಪಕ್ಕೆ, ಅನ್ನ ಸಿಕ್ಕಿದ್ದು ಬಳ್ಳಾರಿಯಲ್ಲಿ. ಈ ಮೂರರಲ್ಲಿ ನಿನ್ನ ಊರು ಯಾವುದು ಎಂದು ಯಾರಾದರೂ ಕೇಳಿದರೆ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತುಬಿಡುತ್ತಿದ್ದಳು. ಕೇಳಿದವರೇ ಬೇಸತ್ತು ಬೇರೆ ಮಾತು ಎತ್ತಬೇಕಾಗುತ್ತಿತ್ತು.

ಗಂಡ ಚಿನ್ನಪ್ಪ ಬಂಡಿ ಹೊಡೆಯುವವನು. ಸಿರುಗುಪ್ಪದ ಗದ್ದೆಗಳ ಅಕ್ಕಿಯನ್ನು ಬಳ್ಳಾರಿಗೆ ಹೇರುವುದು, ಬಳ್ಳಾರಿಯಿಂದ ಉಪ್ಪು, ಸೀಮೆಎಣ್ಣೆ ಹೇರಿಕೊಂಡು ಹಿಂದಿರುಗುವುದು. ಬಳ್ಳಾರಿಗೆ ರೈಲು ಬಂದು ಇಪ್ಪತ್ತು ವರುಷ ಮೀರಿದ್ದರೂ ಸಿರುಗುಪ್ಪದ ಅಕ್ಕಿಗೆ ಎತ್ತೇ ಗತಿ. ಅತ್ತೆ ಮಾವ ಇಬ್ಬರೂ ತೀರಿಹೋಗಿದ್ದರು. ಚಿನ್ನಪ್ಪ ತಿಂಗಳಿನ ಹೆಚ್ಚು ಪಾಲು ದಾರಿಯಲ್ಲೇ ಇರುತ್ತಿದ್ದುದರಿಂದ ಸಿರುಗುಪ್ಪದ ಮನೆಯಲ್ಲಿ ಜಡೆಮ್ಮ ಕೂಸನ್ನು ಕಟ್ಟಿಕೊಂಡು ಒಬ್ಬಳೇ ಇರುತ್ತಿದ್ದಳು. ಆ ಕೂಸು ಗಂಡು. ಕುರುಗೋಡಿನ ದೊಡ್ಡ ಬಸವಣ್ಣನ ಹೆಸರಿಟ್ಟು ದೊಡ್ಡಬಸಪ್ಪ ಎಂದು ಕರೆದಿದ್ದರು. ಬಾಯಲ್ಲಿ ಬಸ್ಯಾ. ಅವನಿಗೆ ವರುಷ ತುಂಬಿ ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ ಬಂಡಿಯ ಎತ್ತೊಂದು ಸತ್ತಿತು. ಒಂಟಿ ಎತ್ತಿನಿಂದ ಬಂಡಿ ನಡೆಯುವುದಿಲ್ಲ, ಬಂಡಿ ನಡೆಯದೆ ಒಲೆ ಉರಿಯುವುದಿಲ್ಲ. ಸಾಲ ಮಾಡಿ ಇನ್ನೊಂದು ಎತ್ತು ತಂದದ್ದಾಯಿತು, ಆ ಸಾಲ ತೀರಬೇಕಿತ್ತು. ಅಂಥ ಹೊತ್ತಿನಲ್ಲಿ ಚಿನ್ನಪ್ಪ ಒಂದು ಸುದ್ದಿ ತಂದ.

ಬಳ್ಳಾರಿಯ ಬ್ರೂಸ್‌ಪೇಟೆಯ ಓಣಿಯೊಂದರಲ್ಲಿ ಒಂದೇ ಗೋಡೆಗೆ ಅಂಟಿಕೊಂಡ ಎರಡು ಮನೆಗಳಿದ್ದವು. ಒಂದು ಅಕ್ಕಿ, ಹತ್ತಿ ವ್ಯಾಪಾರದ ವಿರೂಪಾಕ್ಷಪ್ಪನವರದು, ಲಿಂಗವಂತರ ಮನೆ. ಇನ್ನೊಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದ ವಾಸುದೇವರಾಯರದು, ವೈಷ್ಣವರ ಮನೆ. ಹೊರಗೆ ಗಂಡಸರ ಹೆಸರು ಹೇಳಿದರೂ ಒಳಗೆ ನಡೆಯುತ್ತಿದ್ದದ್ದು ಅವರ ತಾಯಂದಿರ ಮಾತು. ಆ ಮನೆಗೆ ಕೊಟ್ರಮ್ಮನವರು, ಈ ಮನೆಗೆ ತಿರುಮಲಮ್ಮನವರು. ಹೆಚ್ಚುಕಡಿಮೆ ಒಟ್ಟಿಗೇ ಎರಡೂ ಮನೆಯ ಸೊಸೆಯಂದಿರು ಹೆತ್ತರು. ಕೊಟ್ರಮ್ಮನವರ ಸೊಸೆಗೆ ಹೆಣ್ಣು, ಚನ್ನವೀರಮ್ಮ, ಬಾಯಲ್ಲಿ ಚನ್ನಿ. ತಿರುಮಲಮ್ಮನವರ ಸೊಸೆ ಪದ್ಮಾಬಾಯಿಗೆ ಗಂಡು, ವಿಠ್ಠಲ. ಒಬ್ಬಳು ಸನ್ನಿಯಿಂದ ಎದ್ದು ಬಡಕಲಾಗಿದ್ದಳು, ಇನ್ನೊಬ್ಬಳಿಗೆ ಜ್ವರ ಬಂದು ಹಾಲು ಬತ್ತಿತ್ತು. ಮೊಲೆಯೂಡಿಸಿ ಸಾಕುವ ದಾದಿ ಎರಡೂ ಮನೆಗೆ ಬೇಕಾಗಿತ್ತು. ಸಿಕ್ಕಿದ್ದು ಒಬ್ಬಳೇ. ತನ್ನ ಹೆಂಡತಿ ಮಾಂಸ ಮುಟ್ಟದವಳು, ಹೆತ್ತ ಕೂಸು ಗುಂಡುಕಲ್ಲಿನಂತೆ ಬದುಕಿದೆ ಎಂದು ವಿರೂಪಾಕ್ಷಪ್ಪನವರ ಅಂಗಡಿಯ ಮುಂದೆ ಮೂಟೆ ಇಳಿಸುತ್ತ ಚಿನ್ನಪ್ಪ ಹೇಳಿದ ಮಾತು ಎರಡೂ ಮನೆಗೆ ಒಮ್ಮೆಗೇ ಮುಟ್ಟಿತು.

ಹಿತ್ತಲಲ್ಲಿ ಎರಡು ಮನೆಯ ನಡುವಿನ ಗೋಡೆಗೆ ಒಂದು ಸಣ್ಣ ಬಾಗಿಲಿತ್ತು. ಜಡೆಮ್ಮನನ್ನು ಆ ಬಾಗಿಲಲ್ಲಿ ನಿಲ್ಲಿಸಿ, ಆಚೆಯಿಂದ ಒಬ್ಬರು ಈಚೆಯಿಂದ ಒಬ್ಬರು ನೋಡಿದರು.

"ಏನು ತಿಂತಿ?" ಎಂದರು ಕೊಟ್ರಮ್ಮನವರು.

"ಕೊಟ್ಟದ್ದು ತಿಂತೀನ್ರಿ ಅವ್ವಾರೆ."

"ಹಂಗಾದ್ರ ಬೆಳ್ಳುಳ್ಳಿ ತಿನ್ನಬೇಕು ನೋಡು. ಸಬ್ಬಸಗಿ ಪಲ್ಯ, ಕೊಬ್ರಿ, ಅದರ ಮ್ಯಾಲೆ ಬೆಳ್ಳುಳ್ಳಿ. ಹಾಲು ದಂಡಿಯಾಗಿ ಬರತೈತಿ."

ಈಚೆ ಕಡೆ ಒದ್ದೆ ಮಡಿಸೀರೆಯಲ್ಲಿ ದೂರ ನಿಂತಿದ್ದ ತಿರುಮಲಮ್ಮನವರು ಬೆಚ್ಚಿದರು. "ಬೆಳ್ಳುಳ್ಳಿ ಅಂದ್ರೇನ್ರೀ ಕೊಟ್ರಮ್ಮನೋರ? ಆ ಹಾಲು ನಮ್ಮ ಕೂಸಿನ ಹೊಟ್ಟಿಗೂ ಹೋಗ್ತದ. ನಮ್ಮ ಮನಿ ಹೊಸ್ತಿಲ ಬೆಳ್ಳುಳ್ಳಿ ದಾಟಿಲ್ಲ."

"ಬೆಳ್ಳುಳ್ಳಿ ಇಲ್ಲದ ಹಾಲು ಮುಗಿಲಿಂದ ಸೋರತೈತೇನ್ರಿ?"

"ಶುಂಠಿ ಕೊಡ್ರಿ. ಮೆಂತೆ ಕೊಡ್ರಿ."

"ಆಗಲಿ ಬಿಡ್ರಿ, ಹಿಂಗ ಮಾಡೋಣು. ಎಡಗಡಿ ಹಾಲು ನಿಮ್ಮ ಕೂಸಿಗೆ, ಬಲಗಡಿದು ನಮ್ಮ ಕೂಸಿಗೆ. ಬೆಳ್ಳುಳ್ಳಿಗೆ ಬುದ್ಧಿ ಹೇಳಿ ಕಳಸ್ತೀನಿ, ಬಲಕ್ಕ ಹೋಗವಾ, ಎಡಕ್ಕ ಹೊಳ್ಳಿ ಸುದ್ದಾ ನೋಡಬ್ಯಾಡ ಅಂತ."

ನಗಬೇಕೋ ಬಾರದೋ ತಿಳಿಯದೆ ಜಡೆಮ್ಮ ಬಾಗಿಲ ಚೌಕಟ್ಟಿನ ಮೊಳೆ ನೋಡುತ್ತ ನಿಂತಳು. ಕೊನೆಗೆ ತೀರ್ಮಾನವಾದದ್ದೇನೆಂದರೆ, ಬೆಳ್ಳುಳ್ಳಿಯನ್ನು ಕೊಟ್ರಮ್ಮನವರ ಅಡುಗೆಮನೆಯಲ್ಲೇ ತಿಂದು, ಬಾಯಿ ಮುಕ್ಕಳಿಸಿ, ಆಮೇಲೆ ಈ ಕಡೆಗೆ ಬರುವುದು. ಬಾಯಿ ಮುಕ್ಕಳಿಸಿದರೆ ಹಾಲು ಹೇಗೆ ಮಡಿಯಾದೀತು ಎಂಬುದು ಜಡೆಮ್ಮನಿಗೆ ಅಂದಿಗೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ.

ಇಬ್ಬರು ಅಜ್ಜಿಯರೂ ಜಗಳವಿಲ್ಲದೆ ಒಪ್ಪಿದ ಮಾತು ಒಂದೇ ಇತ್ತು. ಜಡೆಮ್ಮ ತನ್ನ ಕೂಸನ್ನು ಕರೆತರಬಾರದು. ಮೂರು ಬಾಯಿಗೆ ಹಾಲು ಸಾಲುವುದಿಲ್ಲ. ಬಸ್ಯಾನನ್ನು ಕುರುಗೋಡಿನ ತಾಯಿಯ ಬಳಿ ಬಿಟ್ಟು ಅವಳು ಬಳ್ಳಾರಿಗೆ ಬಂದಳು. ಬಿಡುವಾಗ ಅವನು ನಿದ್ದೆಯಲ್ಲಿದ್ದ. ಎಬ್ಬಿಸಿ ಹೇಳಿ ಬರಬೇಕಿತ್ತೋ, ಹೇಳದೆ ಬಂದದ್ದೇ ಲೇಸಾಯಿತೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದಳು.

ಹಿತ್ತಲ ಬಾಗಿಲ ಹತ್ತಿರ ತಿರುಮಲಮ್ಮನವರ ದನದ ಕೊಟ್ಟಿಗೆಗೆ ಸೇರಿದಂತೆ ಒಂದು ಚಪ್ಪರವಿತ್ತು. ಅಲ್ಲಿಗೆ ಮಡಿಯ ಕಟ್ಟುಪಾಡು ಇರಲಿಲ್ಲ. ಅದರ ಜಂತಿಗೆ ಎರಡು ತೊಟ್ಟಿಲು ಕಟ್ಟಿದ್ದರು, ಬಾಗಿಲ ಕಡೆಯದು ವಿಠ್ಠಲನದು, ಗೋಡೆ ಕಡೆಯದು ಚನ್ನಿಯದು. ಜಡೆಮ್ಮ ನಡುವೆ ಕೂತು ಒಂದನ್ನು ಕೈಯಲ್ಲಿ, ಇನ್ನೊಂದನ್ನು ಕಾಲಲ್ಲಿ ತೂಗುತ್ತಿದ್ದಳು. ಯಾವುದು ಮೊದಲು ಅತ್ತಿತೋ ಅದಕ್ಕೆ ಮೊದಲು ಹಾಲು. ಕುಡಿದು ಮಲಗಿದ್ದನ್ನು ಹತ್ತಿರ ಸಿಕ್ಕ ತೊಟ್ಟಿಲಿಗೆ ಹಾಕುತ್ತಿದ್ದಳು. ಬಾಗಿಲ ಕಡೆಯ ತೊಟ್ಟಿಲಿಗೆ ಗಾಳಿ ಚೆನ್ನಾಗಿ ಬರುತ್ತಿದ್ದುದರಿಂದ, ಹೆಚ್ಚು ರಗಳೆ ಮಾಡಿದ ಕೂಸಿಗೆ ಅದೇ. ಕೂಸುಗಳ ಗುರುತು ಅವಳ ತೋಳಿಗೆ ಗೊತ್ತಿತ್ತು. ತೊಟ್ಟಿಲಿನ ಗುರುತು ಯಾರಿಗೆ ಬೇಕು ಎಂದುಕೊಂಡಿದ್ದಳು.

ಆಶ್ವಯುಜ ಬಂತು. ತಿರುಮಲಮ್ಮನವರಿಗೆ ಕ್ಷೀರವ್ರತ. ಆ ತಿಂಗಳು ಅವರು ಹಾಲು ಮುಟ್ಟುವಂತಿಲ್ಲ. ಕೊಟ್ರಮ್ಮನವರು ಗೋಡೆಯಾಚೆಯಿಂದಲೇ ಕೂಗಿದರು: "ಏನ್ರೀ ತಿರುಮಲಮ್ಮನೋರ, ಹಾಲು ಬಿಡೋ ತಿಂಗಳಂತ. ಕೂಸಿಗೂ ಬಿಡಿಸ್ತೀರೋ ಏನು? ಹಂಗಿದ್ರ ಅಷ್ಟೂ ನಮ್ಮ ಚನ್ನಿಗೇ ಆತು!"

"ನಿಮ್ಮ ಬಾಯಿಗೊಂದು ವ್ರತ ಇಲ್ಲ ನೋಡ್ರಿ," ಎಂದರು ತಿರುಮಲಮ್ಮನವರು. ಆದರೆ ನಗು ತಡೆಯಲಾರದೆ ಒಳಗೆ ಹೋದರು.

ದೀಪಾವಳಿಯ ಹಿಂದೆ ಮುಂದೆ ಚಿನ್ನಪ್ಪ ಮೂಟೆ ಇಳಿಸಲು ಬಂದವನು ಹಿತ್ತಲಿಗೆ ಬಂದು ಕೂತ. ಕುರುಗೋಡಿನ ಮೇಲೆ ಹಾದು ಬಂದಿದ್ದ.

"ನಡೀತಾನಲೇ ಬಸ್ಯಾ," ಎಂದ. "ನಡಿಯೋದೇನು, ಓಡತಾನ. ನಿಮ್ಮವ್ವನ ಸೀರಿ ಹಿಡಕೊಂಡು ಅವ್ವಾ ಅವ್ವಾ ಅಂತ ಮನೀ ತುಂಬ."

"ಯಾರಿಗೆ ಅವ್ವಾ ಅಂತಾನ?"

"ನಿಮ್ಮವ್ವಗ. ಮತ್ಯಾರಿಗೆ ಅನ್ನಬೇಕು, ಎತ್ತಿಗೇನು?" ಚಿನ್ನಪ್ಪ ತನ್ನ ಮಾತಿಗೆ ತಾನೇ ನಕ್ಕ. ಜಡೆಮ್ಮ ನಗದಿದ್ದುದನ್ನು ನೋಡಿ ತಂಬಾಕು ಹುಡುಕತೊಡಗಿದ.

ಅಂದಿನಿಂದ ಅವಳಿಗೆ ಒಂದೇ ಹಂಬಲ. ಬಸ್ಯಾನ ಬಾಯಲ್ಲಿ ಆ ಮಾತು ಗಟ್ಟಿಯಾಗುವುದರೊಳಗೆ ಅವನ ಕಣ್ಣಿಗೆ ಬೀಳಬೇಕು, ಸಾಧ್ಯವಾದರೆ ಅವನನ್ನು ತನ್ನ ಹತ್ತಿರ ಇಟ್ಟುಕೊಳ್ಳಬೇಕು. ಊರಿಗೆ ಹೋಗಿ ಬರುತ್ತೇನೆ ಎಂದು ಕೊಟ್ರಮ್ಮನವರನ್ನು ಕೇಳಿದಳು. "ನಂದೇನು ಇಲ್ಲವಾ. ಆ ಕೂಸಿನ ಗತಿ ಏನು? ತಿರುಮಲಮ್ಮನೋರನ್ನ ಕೇಳು," ಎಂದರು. ತಿರುಮಲಮ್ಮನವರನ್ನು ಕೇಳಿದಳು. "ನಾ ಬ್ಯಾಡ ಅಂತೀನೇನು? ಅವರ ಹುಡುಗಿ ಬಡಕಲ ಅದ. ಕೊಟ್ರಮ್ಮನೋರು ಹೂಂ ಅಂದ್ರ ಹೋಗು," ಎಂದರು. ಹಿತ್ತಲ ಬಾಗಿಲನ್ನು ಅವಳು ಎಷ್ಟು ಸಲ ದಾಟಿದಳೋ. ಬೇಡವೆಂದು ಯಾರೂ ಅನ್ನಲಿಲ್ಲ. ಹೋಗೆಂದೂ ಯಾರೂ ಅನ್ನಲಿಲ್ಲ. ಇಬ್ಬರು ಯಜಮಾನಿಯರಿದ್ದರೆ ಒಂದು ಮಾತಿಗೆ ಎರಡು ಮುಖವಿರುತ್ತದೆ, ಕೈಗೆ ಸಿಗುವುದು ಬೆನ್ನು ಮಾತ್ರ.

ಅಷ್ಟರಲ್ಲಿ ವಿಠ್ಠಲನಿಗೆ ಕೆಮ್ಮು ಬಂತು. ಇಳಿಯಿತು ನಿಜ, ಆದರೆ ತಿರುಮಲಮ್ಮನವರ ಎದೆಯಲ್ಲಿ ಹೊಕ್ಕ ಭಯ ಇಳಿಯಲಿಲ್ಲ. ಪದ್ಮಾಬಾಯಿಗೆ ಇವನಿಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ಕೂಸು ಉಳಿಯದ ಮನೆಯಲ್ಲಿ ಹುಟ್ಟಿದ್ದನ್ನು ಮೊರದಲ್ಲಿಟ್ಟು ತೌಡಿಗೆ ಮಾರುವುದು ರೂಢಿ. ದನ ತಿನ್ನುವ ತೌಡಿಗೆ ಮಾರಿದ್ದೆಂದ ಮೇಲೆ ಅದು ಬೆಲೆಯಿಲ್ಲದ್ದು, ದೃಷ್ಟಿಯೂ ಅದರ ಮೇಲೆ ಬೀಳದು, ಯಮನೂ ಅದನ್ನು ಮೂಸಿ ನೋಡುವುದಿಲ್ಲ. ಕೊಂಡವಳು ತನ್ನ ಕೂಸೆಂದೇ ಸಾಕಬೇಕು. ಮೊದಲ ಕೂದಲು ತೆಗೆಸುವ ಹೊತ್ತಿಗೆ ಹೆತ್ತವರು ಅಷ್ಟೇ ತೌಡು ಕೊಟ್ಟು ಬಿಡಿಸಿಕೊಳ್ಳಬೇಕು. ಕೊಳ್ಳುವವಳು ಸ್ವಂತ ಕೂಸು ಬದುಕಿರುವವಳಾಗಿರಬೇಕು. ಹುಡುಕುವ ತೊಂದರೆಯೇನಿತ್ತು, ಜಡೆಮ್ಮ ಹಿತ್ತಲಲ್ಲೇ ಇದ್ದಳು. ಚಿನ್ನಪ್ಪನ ಬಂಡಿಯಲ್ಲಿ ಬಂದ ಸಿರುಗುಪ್ಪದ ತೌಡೂ ಇತ್ತು.

ಒಂದು ಒಳ್ಳೆಯ ದಿನ ಬೆಳಿಗ್ಗೆ ಮಾರಾಟಕ್ಕೆ ಅಣಿಯಾಯಿತು. ಹೆತ್ತ ತಾಯಿ ಮಾರಾಟ ನೋಡಬಾರದಾದ್ದರಿಂದ ಪದ್ಮಾಬಾಯಿ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಳು. ತಿರುಮಲಮ್ಮನವರು ಮಡಿಯಲ್ಲಿದ್ದರು, ಕೂಸನ್ನು ಮುಟ್ಟುವಂತಿಲ್ಲ. ಜಡೆಮ್ಮ ಕೊಳ್ಳುವವಳು, ಏನೂ ಅರಿಯದವಳಂತೆ ಬೀದಿಯಿಂದ ಬರಬೇಕು. ಉಳಿದದ್ದು ತಿರುಮಲಮ್ಮನವರ ಮೈದುನ ರಂಗಣ್ಣನವರು. ಮದುವೆಯಿಲ್ಲದೆ ಆ ಮನೆಯಲ್ಲೇ ಮುದುಕರಾದವರು, ಕೂಸುಗಳನ್ನು ದೂರದಿಂದಲೇ ನೋಡಿ ಮೆಚ್ಚುವವರು.

"ರಂಗಣ್ಣಾ, ವಿಠ್ಠಲನ ತೊಟ್ಟಿಲದಾಗಿನ ಕೂಸು ತಂದು ಮೊರದಾಗ ಇಡಪಾ. ಮುಖ ಮುಚ್ಚೇ ತಾ. ಯಾರ ಕಣ್ಣೂ ಬೀಳಬಾರದು," ಎಂದರು ತಿರುಮಲಮ್ಮನವರು.

ರಂಗಣ್ಣನವರು ವಿಠ್ಠಲನ ತೊಟ್ಟಿಲಲ್ಲಿ ಬಟ್ಟೆ ಸುತ್ತಿ ಮಲಗಿದ್ದ ಕೂಸಿಗೆ ಇನ್ನೊಂದು ಬಟ್ಟೆ ಹೊದಿಸಿ, ಕುದಿಯುವ ಪಾತ್ರೆ ಹಿಡಿದವರಂತೆ ಕೈ ಚಾಚಿ ತಂದು, ಮೊರದಲ್ಲಿಟ್ಟು, ಮೊರವನ್ನು ಹೊಸ್ತಿಲಾಚೆ ಇಟ್ಟರು.

ಜಡೆಮ್ಮ ಬೀದಿಯಿಂದ ಬಂದು ಕೇಳಿದಳು: "ಏನಾರ ಮಾರಾಕ ಐತೇನ್ರಿ?"

"ಕೆಲಸಕ್ಕ ಬಾರದ್ದೊಂದು ಅದ," ಎಂದರು ತಿರುಮಲಮ್ಮನವರು. "ತೌಡು ಕೊಟ್ಟು ಒಯ್ಯಿ."

ಜಡೆಮ್ಮ ಸೇರು ತೌಡನ್ನು ರಂಗಣ್ಣನವರ ಬುಟ್ಟಿಗೆ ಸುರಿದಳು. ಮೊರ ಎತ್ತಿಕೊಂಡಳು. ಓಣಿಯ ತುದಿಯವರೆಗೆ ಹೋಗಿ ಬರಬೇಕು, ಹೋಗುವಾಗ ತಿರುಗಿ ನೋಡಬಾರದು, ಮುಸುಕು ತೆಗೆಯಬಾರದು. ಮೊರ ಕಂಕುಳಿಗೆ ಬಂದ ಕೂಡಲೇ ಅವಳ ತೋಳು ಏನೋ ಹೇಳಿತು. ಹಗುರ. ವಿಠ್ಠಲ ಇಷ್ಟು ಹಗುರವಲ್ಲ. ಕೆಮ್ಮಿನಿಂದ ಇಳಿದನೋ? ನಿನ್ನೆ ಇಳಿದಿರಲಿಲ್ಲವಲ್ಲ. ಮೊರದಲ್ಲಿ ಹಿಡಿದದ್ದಕ್ಕೆ ಹೀಗೋ? ನಿಂತು ನೋಡೋಣವೆಂದರೆ ನಿಲ್ಲುವಂತಿಲ್ಲ. ಹಿಂದಿರುಗಿ ಕೇಳೋಣವೆಂದರೆ ತಿರುಗುವಂತಿಲ್ಲ. ಹೋಗುತ್ತ ಒಂದು ಯೋಚನೆ, ಬರುತ್ತ ಒಂದು ಯೋಚನೆ. ಮನೆ ಮುಟ್ಟುವ ಹೊತ್ತಿಗೆ ತೋಳು ಹೇಳಿದ್ದೇ ಸುಳ್ಳೆಂದು ತನ್ನನ್ನು ತಾನೇ ಒಪ್ಪಿಸಿಕೊಂಡಿದ್ದಳು.

ಬಾಗಿಲಲ್ಲಿ ಕೊಟ್ರಮ್ಮನವರೂ ಬಂದು ನಿಂತಿದ್ದರು. "ತೆಗಿಯವಾ ಮುಸುಕು. ತೌಡಿನ ಸಾವ್ಕಾರನ ಮಾರಿ ನೋಡೋಣು," ಎಂದರು.

ಬಟ್ಟೆ ತೆಗೆದರೆ ಚನ್ನಿ ಆಕಳಿಸಿದಳು. ಕೊರಳಲ್ಲಿ ಕೆಂಪು ಅರಿವೆಯಲ್ಲಿ ಕಟ್ಟಿದ್ದ ಪುಟ್ಟ ಲಿಂಗ.

ಆ ಹೊತ್ತಿಗೆ ಸರಿಯಾಗಿ ಹಿತ್ತಲ ಗೋಡೆ ಕಡೆಯ ತೊಟ್ಟಿಲಿನಿಂದ ವಿಠ್ಠಲ ಗಂಟಲು ಹರಿಯುವಂತೆ ಅತ್ತ.

"ಅಯ್ಯೋ ಶಿವನ!" ಕೊಟ್ರಮ್ಮನವರು ಎದೆ ಬಡಿದುಕೊಂಡರು. "ನನ್ನ ಮೊಮ್ಮಗಳನ್ನ ಮಾರಾಕ ನೀವ್ಯಾರ್ರೀ ತಿರುಮಲಮ್ಮನೋರ? ಅದೂ ಒಂದು ಸೇರು ತೌಡಿಗೆ!"

"ಮತ್ತೆಷ್ಟಕ್ಕ ಮಾರಿದ್ರ ಆಗ್ತಿತ್ತು?" ಎಂದು ಗಾಬರಿಯಲ್ಲಿ ಬಾಯಿತಪ್ಪಿ ಅಂದ ತಿರುಮಲಮ್ಮನವರು ನಾಲಿಗೆ ಕಚ್ಚಿಕೊಂಡು ರಂಗಣ್ಣನವರ ಕಡೆ ತಿರುಗಿದರು. "ಏನು ಮಾಡಿದ್ಯೋ ರಂಗಣ್ಣಾ!"

"ನಾ ಏನು ಮಾಡೀನಿ ವೈನಿ? ವಿಠ್ಠಲನ ತೊಟ್ಟಿಲದಾಗಿನ ಕೂಸು ತಾ ಅಂದ್ರಿ, ತಂದೀನಿ. ಮುಚ್ಚಿ ತಾ ಅಂದ್ರಿ, ಮುಚ್ಚಿ ತಂದೀನಿ. ಮುಚ್ಚಿದ ಕೂಸು ಯಾರದಾದ್ರೂ ಒಂದೇ ನಮೂನಿ ಇರ್ತದ."

ಎಲ್ಲರೂ ಜಡೆಮ್ಮನನ್ನು ನೋಡಿದರು. ಬೆಳಿಗ್ಗೆ ಚನ್ನಿ ರಗಳೆ ಮಾಡಿದ್ದಳು, ಗಾಳಿ ಬರುವ ತೊಟ್ಟಿಲಿಗೆ ಹಾಕಿದ್ದಾಯಿತು. ಅಷ್ಟೇ. ಅದನ್ನು ಹೇಳಿದಳು. ಹೇಳಿದ ಮೇಲೂ ಎಲ್ಲರೂ ನೋಡುತ್ತಲೇ ಇದ್ದರು.

ತೌಡನ್ನು ಹಿಂದಕ್ಕೆ ಕೊಟ್ಟು ಮಾರಾಟ ಮುರಿಯೋಣವೆಂದರೆ, ತೌಡು ಹಸುವಿಗೆ ಹಾಕಬೇಕಾದ ರೂಢಿಯಂತೆ ರಂಗಣ್ಣನವರು ಅಷ್ಟರಲ್ಲಿ ಹಾಕಿಯಾಗಿತ್ತು. ಹಸು ಬಾನಿ ನೆಕ್ಕುತ್ತಿತ್ತು.

ಆಮೇಲಿನ ದಿನಗಳು ಹೇಗೆ ಕಳೆದವೆಂದು ಜಡೆಮ್ಮನಿಗೆ ಸರಿಯಾಗಿ ಹೇಳಲು ಬರುವುದಿಲ್ಲ. ಮಾರಿದವರು ಕೂಸಿನವರಲ್ಲ, ಆದ್ದರಿಂದ ಅದು ಮಾರಾಟವೇ ಅಲ್ಲ ಎಂದರು ತಿರುಮಲಮ್ಮನವರು. ಬಾಯಿಂದ ಮಾತು ಬಿದ್ದಾಗಿದೆ, ತೌಡು ಹಸುವಿನ ಹೊಟ್ಟೆ ಸೇರಿದೆ, ಅಲ್ಲವೆಂದರೆ ಹೇಗೆ ಎಂದರು ಕೊಟ್ರಮ್ಮನವರು. ಬದುಕುವ ಕೂಸನ್ನು ಸುಮ್ಮನೆ ಮಾರಿದರೆ ಕೇಡು ಕರೆದಂತೆ ಎಂಬ ಭಯ ಅವರಿಗೆ. ಮಾರಬೇಕಾದ ಕೂಸು ಮಾರಾಟವಾಗದೆ ಉಳಿಯಿತು ಎಂಬ ಭಯ ಇವರಿಗೆ. ನಡುವೆ ಜಡೆಮ್ಮ.

ಕೊಟ್ರಮ್ಮನವರು ಹಿತ್ತಲಿಗೆ ಬಂದು, "ಏನವಾ, ನಿನ್ನ ಮಗಳನ್ನ ಒಂದೀಟು ಎತ್ತಿಕೊಳ್ಳಲೇನು?" ಎಂದು ಕೇಳುತ್ತಿದ್ದರು. ಅರ್ಧ ಹಂಗಿಸುವ ದನಿ. ಇನ್ನರ್ಧ ನಿಜವಾಗಿ ಕೇಳುವ ದನಿ, ಯಾಕೆಂದರೆ ಜಡೆಮ್ಮ ಹೂಂ ಅನ್ನುವವರೆಗೆ ಅವರು ಕೈ ಚಾಚುತ್ತಿರಲಿಲ್ಲ. ಜಡೆಮ್ಮ ಹೂಂ ಅನ್ನುತ್ತಿದ್ದಳು. ಆಮೇಲೆ ಕೂತು ಯೋಚಿಸುತ್ತಿದ್ದಳು. ತಾನು ಹೆರದ ಕೂಸಿಗೆ ತನ್ನ ಅಪ್ಪಣೆ ಕೇಳುತ್ತಾರೆ. ಹೆತ್ತ ಕೂಸನ್ನು ನೋಡಲು ತಾನೇ ಎರಡು ಬಾಗಿಲು ಅಲೆಯಬೇಕು. ಹಾಗಾದರೆ ತಾನು ಇಲ್ಲಿ ದಾದಿಯೋ, ತಾಯಿಯೋ? ಚನ್ನಿ ತನ್ನವಳೋ? ಬಸ್ಯಾ ಯಾರವನು?

ಕೊನೆಗೆ ದ್ವೇಷಕ್ಕಿಂತ ಭಯ ದೊಡ್ಡದಾಗಿ ಇಬ್ಬರು ಅಜ್ಜಿಯರೂ ಹಿತ್ತಲ ಬಾಗಿಲಲ್ಲಿ ಮಾತಿಗೆ ಕೂತರು. ಕೊಟ್ರಮ್ಮನವರಿಗೆ ತವರಿನ ಕಡೆಯ ರೂಢಿ ಗೊತ್ತಿತ್ತು. "ಕೊಂಡಾಕಿ ಮನಿ ಹೊಸ್ತಿಲದಾಗ ನಿಂತು, ಹೊಸ ತೌಡು ಕೊಟ್ಟು ಬಿಡಿಸ್ಕೋಬೇಕು. ನಮ್ಮ ಮನ್ಯಾಗ ನಿಂತು ಕೊಟ್ರ ನಡಿಯಾಂಗಿಲ್ಲ."

"ಹಂಗಿದ್ರ ನಮ್ಮ ವಿಠ್ಠಲನ್ನೂ ಅಲ್ಲೇ ಮಾರೋಣ. ಅವಳ ಹೊಸ್ತಿಲದಾಗ ಆದ್ರ ಯಾರೂ ತಪ್ಪು ಹಿಡಿಯೋಹಂಗಿಲ್ಲ," ಎಂದರು ತಿರುಮಲಮ್ಮನವರು. ಆಮೇಲೆ ಇಬ್ಬರೂ ತಿರುಗಿದರು. "ನಿನ್ನ ಮನಿ ಎಲ್ಲಿ ಅದ ಜಡೆಮ್ಮಾ?"

ಅದೇ ಪ್ರಶ್ನೆ. ಜಡೆಮ್ಮನ ಬೆರಳು ಸೆರಗಿಗೆ ಹೋಯಿತು.

ಮೂಟೆ ಇಳಿಸಲು ಬಂದಿದ್ದ ಚಿನ್ನಪ್ಪ ಅವಳಿಗಿಂತ ಮುಂಚೆ ಬಾಯಿ ಹಾಕಿದ. "ಸಿರುಗುಪ್ಪದಾಗ ಐತ್ರಿ. ಕೊಟ್ಟ ಹೆಣ್ಣಿಗೆ ಗಂಡನ ಮನೀನ ಮನಿ."

"ಅದಕ್ಕ ಬೀಗ ಐತಿ," ಎಂದಳು ಜಡೆಮ್ಮ.

"ಬೀಗ ಹಾಕಿದ್ರ ಮನಿ ಅಲ್ಲೇನಲೇ? ಬೀಗ ಇರೋದಕ್ಕ ಅದು ಮನಿ. ಬೀಗ ಇಲ್ಲದಿದ್ರ ಛತ್ರ!"

"ಕುರುಗೋಡಾಗ ಐತ್ರಿ ನನ್ನ ಮನಿ," ಎಂದಳು ಜಡೆಮ್ಮ, ಗಂಡನ ಮುಖ ನೋಡದೆ. ಅಂದ ಮೇಲೆ ಹೆದರಿಕೆಯಾಯಿತು. ಅದು ಸುಳ್ಳೋ ನಿಜವೋ ಅವಳಿಗೆ ತಿಳಿಯದು. ತವರನ್ನು ತನ್ನ ಮನೆ ಎಂದರೆ ಗಂಡನಿಗೆ ಅವಮಾನ. ಸಿರುಗುಪ್ಪವೆಂದರೆ ಬಂಡಿ ಬಸ್ಯಾನಿರುವ ಊರಿಗೆ ಹೋಗುವುದಿಲ್ಲ. ಚಿನ್ನಪ್ಪ ಏನೋ ಅನ್ನಲು ಬಾಯಿ ತೆರೆದ. ಅವಳ ಬೆರಳಿಗೆ ಸೆರಗು ಬಿಗಿದು ತುದಿ ಬೆಳ್ಳಗಾದದ್ದನ್ನು ನೋಡಿದ. "ಕುರುಗೋಡು ಅಂದ್ರ ಕುರುಗೋಡು," ಎಂದ. "ಹೊಡಿಯಾವ ನಾನು, ಹೇಳಾಕಿ ಆಕಿ."

ಕೋಳಿ ಕೂಗುವ ಮುಂಚೆ ಬಂಡಿ ಬಳ್ಳಾರಿ ಬಿಟ್ಟಿತು. ಮುಂದೆ ಚಿನ್ನಪ್ಪ, ಪಕ್ಕದಲ್ಲಿ ರಂಗಣ್ಣನವರು. ಒಳಗೆ ಒಂದು ಬದಿಗೆ ತಾಮ್ರದ ತಂಬಿಗೆಯಲ್ಲಿ ತಮ್ಮ ನೀರು ತಾವೇ ಹಿಡಿದ ತಿರುಮಲಮ್ಮನವರು, ಇನ್ನೊಂದು ಬದಿಗೆ ರೊಟ್ಟಿಯ ಗಂಟು ಹಿಡಿದ ಕೊಟ್ರಮ್ಮನವರು. ಗಂಟಿನಲ್ಲಿ ಬೆಳ್ಳುಳ್ಳಿ ಚಟ್ನಿ ಇತ್ತು. ವಾಸನೆ ಬಂದಾಗಲೆಲ್ಲ ತಿರುಮಲಮ್ಮನವರು ಹೊರಗಿನ ಜೋಳದ ಹೊಲ ನೋಡುತ್ತಿದ್ದರು. ನಡುವೆ ಎರಡು ತೊಡೆಗೆ ಎರಡು ಕೂಸು ಹಾಕಿಕೊಂಡ ಜಡೆಮ್ಮ. ಕಾಲ ಬಳಿ ತೌಡಿನ ಚೀಲ ಮತ್ತು ಮೊರ. ಕರಿಮಣ್ಣಿನ ದಾರಿಯಲ್ಲಿ ಬಂಡಿ ಕುಲುಕಿದಾಗ ಒಬ್ಬರ ಮೈ ಇನ್ನೊಬ್ಬರಿಗೆ ತಾಗಿತು. ಮಡಿ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಇಳಿಹೊತ್ತಿಗೆ ಕುರುಗೋಡಿನ ಬಂಡೆಗುಡ್ಡ ಕಂಡಿತು. ಜಡೆಮ್ಮನ ಎದೆಯಲ್ಲಿ ಹಾಲು ತಾನಾಗಿ ಒಸರಿ ಕುಪ್ಪಸ ತೊಯ್ದಿತು. ಆಗ ಎರಡು ಕೂಸುಗಳೂ ಮಲಗಿದ್ದವು.

ಅವಳ ತಾಯಿ ಹೊಸ್ತಿಲಿಗೆ ಬಂದಳು. ತಾಯಿಯ ಸೀರೆ ಹಿಡಿದು ಬಸ್ಯಾ. ಬೆಳೆದಿದ್ದ. ಕಾಲಲ್ಲಿ ಗೆಜ್ಜೆ ಯಾರು ಹಾಕಿದ್ದೋ.

"ಬಸ್ಯಾ," ಎಂದಳು ಜಡೆಮ್ಮ.

ಅವನು ಅವಳ ಎರಡು ಕೈಯಲ್ಲಿದ್ದ ಎರಡು ಕೂಸುಗಳನ್ನು ನೋಡಿದ. ಆಮೇಲೆ "ಅವ್ವಾ" ಎನ್ನುತ್ತ ಅಜ್ಜಿಯ ಸೀರೆಯ ಹಿಂದೆ ಮುಖ ಮುಚ್ಚಿಕೊಂಡ.

"ಹೊಸಬರನ್ನ ಕಂಡ್ರ ಹಿಂಗ ಮಾಡತೈತಿ," ಎಂದಳು ತಾಯಿ. ಅಂದ ಮೇಲೆ ತಾನು ಅಂದದ್ದು ತನಗೇ ಕೇಳಿಸಿ ಅವನನ್ನು ಮುಂದಕ್ಕೆ ಸರಿಸಲು ನೋಡಿದಳು.

ಕೆಲಸ ಹೊತ್ತು ಮುಳುಗುವುದರೊಳಗೆ ಮುಗಿಯಬೇಕಿತ್ತು. ಜಡೆಮ್ಮ ಚನ್ನಿಯನ್ನು ಮೊರದಲ್ಲಿಟ್ಟು ಹೊಸ್ತಿಲ ಒಳಗೆ ನಿಂತಳು. ಕೊಟ್ರಮ್ಮನವರು ಹೊರಗೆ ನಿಂತು ಅವಳ ಮಡಿಲಿಗೆ ಸೇರು ತೌಡು ಸುರಿದರು. "ನಮ್ಮ ಕೂಸು ನಮಗ ಕೊಡವಾ," ಎಂದರು. ಈ ಸಲ ಹಂಗಿಸುವ ದನಿ ಒಂದಿಷ್ಟೂ ಇರಲಿಲ್ಲ.

"ಒಯ್ಯಿರಿ ಅವ್ವಾರೆ," ಎಂದಳು ಜಡೆಮ್ಮ. ಚನ್ನಿ ತೋಳಿನಿಂದ ಹೋದಾಗ ತನ್ನದಲ್ಲದ್ದು ಹೋಯಿತು ಎನ್ನಿಸಬೇಕಿತ್ತು. ಹಾಗೆ ಎನ್ನಿಸಲಿಲ್ಲ.

ಆಮೇಲೆ ವಿಠ್ಠಲನ ಸರದಿ. ರಂಗಣ್ಣನವರು ಕೂಸನ್ನು ತಂದವರು ಮೊರದಲ್ಲಿಡುವ ಮುಂಚೆ ಬಟ್ಟೆ ಪೂರ್ತಿ ಬಿಚ್ಚಿ, ಮೇಲೂ ಕೆಳಗೂ ನೋಡಿ, "ಇದು ಗಂಡು ಅದ ವೈನಿ. ಎಲ್ಲಾರೂ ನೋಡ್ರಿ, ಆಮ್ಯಾಲೆ ನನ್ನ ಅನ್ನಬ್ಯಾಡ್ರಿ," ಎಂದರು. ವಿಠ್ಠಲ ಅವರ ಧೋತ್ರದ ಮೇಲೆ ಉಚ್ಚೆ ಹೊಯ್ದು ಸಾಕ್ಷಿ ನುಡಿದ. ಜಡೆಮ್ಮ ತನ್ನ ಮಡಿಲ ತೌಡಿನಿಂದ ಅಳೆದು ಕೊಟ್ಟಳು. ವಿಠ್ಠಲನನ್ನು ಎತ್ತಿಕೊಂಡಳು. ಮಾರಾಟವಾಯಿತು. ತಿರುಮಲಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಸೇರು ಕೊಟ್ಟ ಮೇಲೂ ಕೊಟ್ರಮ್ಮನವರ ಧಾರಾಳ ಕೈಯಿಂದಾಗಿ ಮಡಿಲ ಮೂಲೆಯಲ್ಲಿ ಹಿಡಿ ತೌಡು ಉಳಿದಿತ್ತು. ಮೊರ ಬರಿದಾಗಿ ಹೊಸ್ತಿಲ ಮೇಲಿತ್ತು. ಬಸ್ಯಾ ಅಜ್ಜಿಯ ಹಿಂದಿನಿಂದ ಬಂದ. ಮೊರ ನೋಡಿದ. ಕೂಸುಗಳನ್ನೆಲ್ಲ ಒಂದೊಂದಾಗಿ ಅದರಲ್ಲಿ ಕೂರಿಸಿ ಎತ್ತಿಕೊಳ್ಳುತ್ತಿದ್ದುದನ್ನು ಅವನು ನೋಡುತ್ತಲೇ ಇದ್ದ. ಒಂದು ಕಾಲು ಇಟ್ಟ, ಇನ್ನೊಂದು ಕಾಲು ಇಟ್ಟ, ಗೆಜ್ಜೆ ಝಣ್ ಎನ್ನಿಸುತ್ತ ಮೊರದ ನಡುವೆ ಕುಕ್ಕರಿಸಿದ.

ಎಲ್ಲರೂ ನಕ್ಕರು. "ಇದೊಂದು ಉಳಿದೈತಿ ನೋಡ್ರಿ!" ಎಂದರು ಕೊಟ್ರಮ್ಮನವರು. "ಯಾರು ಕೊಳ್ಳತೀರಿ ಇದನ್ನ?"

ಜಡೆಮ್ಮನೂ ನಗುತ್ತಿದ್ದಳು. ನಗುತ್ತಿದ್ದಂತೆ ಅವಳ ಕೈ ಮಡಿಲಿಗೆ ಹೋಯಿತು. ಮನಸ್ಸು ಅಷ್ಟು ದೂರ ಇನ್ನೂ ಬಂದಿರಲಿಲ್ಲ, ಕೈ ಮುಂದೆ ಹೋಗಿತ್ತು. ಉಳಿದ ಹಿಡಿ ತೌಡನ್ನು ತೆಗೆದು ತಾಯಿಯ ಬೊಗಸೆಗೆ ಹಾಕಿದಳು.

"ನಾನು ಕೊಳ್ಳತೀನಿ," ಎಂದಳು.

ನಗು ನಿಂತಿತು. ತಾಯಿ ಬೊಗಸೆಯ ತೌಡನ್ನು ನೋಡಿದಳು. ಅದನ್ನು ಚೆಲ್ಲಬಹುದಾಗಿತ್ತು. ಏನು ಹುಚ್ಚು ಇದು ಎನ್ನಬಹುದಾಗಿತ್ತು. ಅವಳ ಬೊಗಸೆ ಹಾಗೇ ಇತ್ತು. ಜಡೆಮ್ಮ ವಿಠ್ಠಲನನ್ನು ತಿರುಮಲಮ್ಮನವರ ಕೈಗೆ ಕೊಟ್ಟು, ಬಗ್ಗಿ, ಮೊರದಿಂದ ಬಸ್ಯಾನನ್ನು ಎತ್ತಿಕೊಂಡಳು. ತೋಳಿಗೆ ಅವನ ತೂಕದ ಗುರುತು ಸಿಗಲಿಲ್ಲ. ಬಿಟ್ಟು ಹೋದದ್ದು ಬೇರೆ ತೂಕ.

ತಿರುಮಲಮ್ಮನವರು ಕೊಟ್ರಮ್ಮನವರನ್ನು ನೋಡಿದರು. ಕೊಟ್ರಮ್ಮನವರು ತಿರುಮಲಮ್ಮನವರನ್ನು ನೋಡಿದರು. ಒಂದು ಸೇರು ತೌಡಿಗಾಗಿ ಇಡೀ ದಿನ ಬಂಡಿಯಲ್ಲಿ ಕುಲುಕಿ ಬಂದವರು. ತೌಡಿನ ಮಾತು ಆಟದ ಮಾತು ಎಂದು ಈಗ ಅವರು ಹೇಗೆ ಅನ್ನಬೇಕು? ಇದು ಮಾರಾಟವಲ್ಲವೆಂದರೆ ಚನ್ನಿ ಬಿಡುಗಡೆಯಾದದ್ದೂ ಅಲ್ಲ, ವಿಠ್ಠಲ ಮಾರಾಟವಾದದ್ದೂ ಅಲ್ಲ. ಕೊಂಡ ಕೂಸು ಕೊಂಡವಳ ಹತ್ತಿರವೇ ಇರಬೇಕು.

"ಮೂರಕ್ಕ ಹಾಲು ಸಾಲತೈತೇನವಾ?" ಎಂದರು ಕೊಟ್ರಮ್ಮನವರು ಕೊನೆಗೆ. ದನಿ ಮೆತ್ತಗಿತ್ತು.

"ಇವ ರೊಟ್ಟಿ ತಿಂತಾನ್ರಿ ಅವ್ವಾರೆ."

"ಎರಡೂ ಮನಿ ರೊಟ್ಟಿ ತಿನ್ನಲಿ ಬಿಡ್ರಿ," ಎಂದರು ತಿರುಮಲಮ್ಮನವರು. ಆಮೇಲೆ, ಮರೆತದ್ದು ನೆನಪಾದವರಂತೆ, "ನಮ್ಮ ಮನ್ಯಾಗ ಚಪಾತಿ," ಎಂದರು.

ಬಸ್ಯಾ ಅಷ್ಟರಲ್ಲಿ ಜಡೆಮ್ಮನ ಎದೆಗೆ ಕೈಯೊತ್ತಿ ಅವಳನ್ನು ದೂರ ತಳ್ಳುತ್ತ, ಅಜ್ಜಿಯ ಕಡೆ ಕೈ ಚಾಚಿ ಅಳುತ್ತಿದ್ದ. ಜಡೆಮ್ಮ ಅವನನ್ನು ಬಿಡಲಿಲ್ಲ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ತಾಯಿಯ ಮುಖ ನೋಡಿದಳು. ತಾಯಿ ಅಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಬೊಗಸೆಯ ತೌಡನ್ನು ಒಂದು ಚಿಟಿಕೆಯೂ ಬೀಳದಂತೆ ಸೆರಗಿನ ತುದಿಗೆ ಸುರಿದುಕೊಂಡು ಗಂಟು ಹಾಕುತ್ತಿದ್ದಳು.

"ಅದನ್ನ ಎಮ್ಮಿಗೆ ಹಾಕಬೇಕವಾ," ಎಂದಳು ಜಡೆಮ್ಮ.

"ಹಾಕಾಂಗಿಲ್ಲ," ಎಂದಳು ತಾಯಿ. "ಇವನ್ನ ಬಿಡಿಸ್ಕಳಾಕ ಬೇಕಾಗತೈತಿ."

ವಿಠ್ಠಲನನ್ನು ಕೊಂಡವಳ ಹತ್ತಿರವೇ ಬಿಟ್ಟು, ತಿರುಮಲಮ್ಮನವರೂ ರಂಗಣ್ಣನವರೂ ರಾತ್ರಿ ಮಲಗಲು ಗುಡಿಯ ಜಗುಲಿಗೆ ಹೋದರು. ಕೊಟ್ರಮ್ಮನವರು ಚನ್ನಿಯೊಂದಿಗೆ ಪಡಸಾಲೆಯಲ್ಲಿ ಒರಗಿದರು. ಅತ್ತು ಅತ್ತು ಬಸ್ಯಾ ಜಡೆಮ್ಮನ ತೊಡೆಯ ಮೇಲೆಯೇ ನಿದ್ದೆ ಹೋದ, ಆದರೆ ಮುಷ್ಟಿಯಲ್ಲಿ ಹಿಡಿದದ್ದು ಅಜ್ಜಿಯ ಸೀರೆಯನ್ನು. ಆ ಸೀರೆಯನ್ನು ಬಿಡಿಸಬೇಕೋ ಬೇಡವೋ ಎಂದು ತಿಳಿಯದೆ ತಾಯಿಯೂ ಮಗಳೂ ಅವನ ಎರಡು ಬದಿಗೆ ಅಲುಗಾಡದೆ ಕೂತರು.

ನಾಳೆ ಅವನು ನಿದ್ದೆಯಲ್ಲಿರುವಾಗ ಜಡೆಮ್ಮ ಹೊರಡುವುದಿಲ್ಲ. ಎಬ್ಬಿಸಿ, ಹೋಗಿಬರುತ್ತೇನೆಂದು ಅಜ್ಜಿಗೆ ಹೇಳಿಸಿ, ಮೂರು ಕೂಸುಗಳನ್ನೂ ಬಂಡಿ ಹತ್ತಿಸಿಕೊಂಡು ಬಳ್ಳಾರಿಗೆ ಹೋಗುತ್ತಾಳೆ. ಹೋದ ಮೇಲೆ ಹಿತ್ತಲ ಚಪ್ಪರದ ಜಂತಿಗೆ, ಗಾಳಿ ಬರುವ ಕಡೆ, ಬಸ್ಯಾನಿಗೊಂದು ತೂಗುವ ಜೋಳಿಗೆ ಕಟ್ಟುತ್ತಾಳೆ.